ಬ್ಯಾರೇಜ್ ಸಿದ್ದು ನ್ಯಾಮಗೌಡರೂ ನಮ್ಮ ಹಳ್ಳದ ಕಟ್ಟವೂ



ಬೆಳೆಗಾರನೊಬ್ಬ ಶಾಸಕನಾದರೆ ಬೆಳೆಗಾರರ ಕಷ್ಟವೆಲ್ಲ ಕಳೆದೀತೆಂಬ ನಂಬಿಕೆ ನಮ್ಮಲ್ಲಿ ಬಹಳ ದಿನಗಳಿಂದ ಬೇರೂರಿದೆ. ಕೊಳೆರೋಗಕ್ಕೆ ಪರಿಹಾರ ಬರಲಿಲ್ಲವೆಂದರೆ, ಎಲೆಚುಕ್ಕೆ ರೋಗದ ಸಮೀಕ್ಷೆಗೆ ಯಾರೂ ಬರಲಿಲ್ಲವೆಂದರೆ, ಪಂಪಿನ ಕರೆಂಟು ಹಗಲು ಸಿಗಲಿಲ್ಲವೆಂದರೆ ಕೊನೆಗೆ ಬರುವ ಮಾತು ಒಂದೇ: ‘ನಮ್ಮವನೊಬ್ಬ ಅಲ್ಲಿ ಇರಬೇಕಿತ್ತು.’ ಮಲೆನಾಡಿನಿಂದಲೂ ಕೊಡಗಿನಿಂದಲೂ ತೋಟದ ಮನೆಗಳವರು ವಿಧಾನಸಭೆಗೂ ಲೋಕಸಭೆಗೂ ಹೋದ ಉದಾಹರಣೆಗಳಿಗೆ ಕೊರತೆಯಿಲ್ಲ. ಹೋದವರಲ್ಲಿ ಒಳ್ಳೆಯವರೂ ಇದ್ದರು. ಆದರೂ ಆ ಮಾತು ನಿಂತಿಲ್ಲ. ಆದ್ದರಿಂದ ಈ ಸಲ ನಮ್ಮ ಸೀಮೆಯನ್ನು ಬಿಟ್ಟು, ಕಾಫಿಯನ್ನೂ ಅಡಿಕೆಯನ್ನೂ ಬಿಟ್ಟು, ಕೃಷ್ಣಾ ತೀರದ ಕಬ್ಬಿನ ಸೀಮೆಯ ಒಬ್ಬರ ಜೀವನವನ್ನು ಸದಸ್ಯರ ಮುಂದಿಡಬೇಕೆಂದು ನಮಗೆ ಅನ್ನಿಸಿದೆ. ಅವರು ಮೊದಲು ರೈತರು, ಆಮೇಲೆ ಮಂತ್ರಿಗಳು, ಸಕ್ಕರೆ ಕಾರ್ಖಾನೆಯ ಒಡೆಯರೂ ಆದವರು. ಈ ಮೂರು ಪಾತ್ರಗಳಲ್ಲಿ ಯಾವುದರಿಂದ ರೈತನಿಗೆ ಹೆಚ್ಚು ಉಪಕಾರವಾಯಿತು ಎಂಬುದೇ ನಮ್ಮ ವಿಚಾರ.

ಜಮಖಂಡಿಯ ಸಿದ್ದು ಭೀಮಪ್ಪ ನ್ಯಾಮಗೌಡರ ಹೆಸರನ್ನು ಹಿರಿಯ ಸದಸ್ಯರು 1991ರ ಚುನಾವಣೆಯ ಸಂದರ್ಭದಲ್ಲಿ ಕೇಳಿರಬಹುದು. ಆದರೆ ಅವರ ಕಥೆ ಅದಕ್ಕೂ ಮೊದಲೇ, ನದಿಯಲ್ಲಿ, ಆರಂಭವಾಗುತ್ತದೆ.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಇವಿಷ್ಟೂ ಈಗ ಬಾಗಲಕೋಟೆ ಜಿಲ್ಲೆಯ ತಾಲ್ಲೂಕುಗಳು. 1997ಕ್ಕೆ ಮೊದಲು ವಿಜಾಪುರ ಜಿಲ್ಲೆಗೆ ಸೇರಿದ್ದವು. ಜಮಖಂಡಿ ಪಟವರ್ಧನರ ಸಂಸ್ಥಾನ, ಮುಧೋಳ ಘೋರ್ಪಡೆಯವರ ಸಂಸ್ಥಾನ. ರಬಕವಿ-ಬನಹಟ್ಟಿ ಎಂದರೆ ಮಗ್ಗ, ಸೀರೆ. ನೆಲ ಎರೆ. ಮಳೆ ವರ್ಷಕ್ಕೆ ಇಪ್ಪತ್ತು ಇಪ್ಪತ್ತೆರಡು ಅಂಗುಲ. ನೂರು ಅಂಗುಲ ಮಳೆ ಬಂದರೂ ‘ಈ ವರ್ಷ ಮಳೆ ಕಡಿಮೆ’ ಎನ್ನುವ ನಾವು ಆ ಲೆಕ್ಕವನ್ನು ಒಮ್ಮೆ ನಿಧಾನವಾಗಿ ಓದಬೇಕು. ಕೃಷ್ಣೆ ಅಲ್ಲಿ ಹರಿಯುತ್ತಾಳೆ, ನಿಜ. ಆದರೆ ಆಕೆಯ ನೀರು ಮಹಾರಾಷ್ಟ್ರದ ಸಹ್ಯಾದ್ರಿಯಲ್ಲಿ ಬಿದ್ದ ಮಳೆಯದು. ಮಳೆಗಾಲದಲ್ಲಿ ದಂಡೆ ಮೀರಿ ಬಂದು ಬೆಳೆಯನ್ನೇ ಮುಳುಗಿಸುವ ನದಿ ಬೇಸಿಗೆಗೆ ಒಣಗಿ ಮರಳಾಗುತ್ತಿತ್ತು. ನದಿಯ ದಂಡೆಯಲ್ಲಿ ಪಂಪು ಕೂರಿಸಿ, ಸಾಲ ಮಾಡಿ ಪೈಪು ಎಳೆದ ರೈತನಿಗೆ ಫೆಬ್ರವರಿ ಮುಗಿಯುವ ಹೊತ್ತಿಗೆ ಎತ್ತಲು ನೀರೇ ಇರುತ್ತಿರಲಿಲ್ಲ. ಹೂಮಳೆ ಕೈಕೊಟ್ಟ ವರ್ಷ ಒಣಗಿದ ಕೆರೆಯ ಮುಂದೆ ಸ್ಪ್ರಿಂಕ್ಲರ್ ಪೈಪು ಹಿಡಿದು ನಿಂತವನಿಗೆ ಆ ಸಂಕಟ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ.

ಸರ್ಕಾರಕ್ಕೆ ಅರ್ಜಿ ಕೊಟ್ಟದ್ದಾಯಿತು, ಭರವಸೆಗಳೂ ಬಂದವು. ಮೇಲ್ದಂಡೆ ಯೋಜನೆಯ ಮಾತು ನಡೆದೇ ಇತ್ತು. ಕಾದು ಕಾದು ಸಾಕಾದ ರೈತರು ಕೃಷ್ಣಾ ತೀರ ರೈತ ಸಂಘವೆಂದು ಒಂದಾದರು. ಮುಂದಾಳುತನ ನ್ಯಾಮಗೌಡರದು. ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯ ಬಳಿ ನದಿಗೆ ತಾವೇ ಅಡ್ಡಲಾಗಿ ಬ್ಯಾರೇಜ್ ಕಟ್ಟುವುದೆಂದು ನಿಶ್ಚಯಿಸಿದರು. ಗಮನಿಸಬೇಕು: ಹಳ್ಳಕ್ಕಲ್ಲ, ತೊರೆಗಲ್ಲ, ಕೃಷ್ಣಾ ನದಿಗೆ! ಹಣವಿದ್ದವರು ವಂತಿಗೆ ಕೊಟ್ಟರು, ಇಲ್ಲದವರು ಮೈಮುರಿದು ದುಡಿದರು, ಗಾಡಿ ಟ್ರಾಕ್ಟರು ಇದ್ದವರು ಅವನ್ನು ತಂದು ನಿಲ್ಲಿಸಿದರು. ಖರ್ಚು ಆಗಿನ ಕಾಲದ ಕೋಟಿ ರೂಪಾಯಿಯ ಆಸುಪಾಸು. ಸರ್ಕಾರದ ಬೊಕ್ಕಸವನ್ನು ನಂಬದೆ 1989ರಲ್ಲಿ ಕೆಲಸ ಮುಗಿಯಿತು. ಅದಕ್ಕೆ ಇಟ್ಟ ಹೆಸರು ‘ಶ್ರಮಬಿಂದು ಸಾಗರ’. ಕಟ್ಟಿದವರ ಬೆವರಿನ ಹೊರತು ಬೇರೆ ಯಾರ ಹೆಸರನ್ನೂ ಅದಕ್ಕೆ ಇಡಲಿಲ್ಲ ಎಂಬುದು ನಮಗೆ ಬಹಳ ಮೆಚ್ಚಿಗೆಯಾದ ಸಂಗತಿ. ಈಗಿನ ಕಾಲದಲ್ಲಿ ಬಸ್ ತಂಗುದಾಣಕ್ಕೂ ಒಬ್ಬರ ಹೆಸರು, ಭಾವಚಿತ್ರ ಬೇಕು.

ಇದರಿಂದ ಎರಡೂ ದಂಡೆಗಳ ಸಾವಿರಾರು ಎಕರೆಗೆ ಬೇಸಿಗೆಯಲ್ಲೂ ನೀರು ನಿಂತಿತು, ಊರಿನ ಬಾವಿಗಳಲ್ಲಿ ಸೆಲೆ ಮರಳಿತು. ನ್ಯಾಮಗೌಡರಿಗೆ ಜನ ‘ಬ್ಯಾರೇಜ್ ಸಿದ್ದು’ ಎಂದು ಹೆಸರಿಟ್ಟರು. ಮುಂದೆ ಆಲಮಟ್ಟಿ ಜಲಾಶಯದ ಹಿನ್ನೀರು ಆ ಕಡೆಗೆ ಬಂದಾಗ, ಅದನ್ನು ಪಂಪುಗಳಿಂದ ಎತ್ತಿ ಬ್ಯಾರೇಜಿಗೆ ತುಂಬಿಸಿಕೊಳ್ಳುವ ಏರ್ಪಾಟನ್ನೂ ಆ ರೈತರು ಮಾಡಿಕೊಂಡರು. ಕಟ್ಟುವುದೊಂದು ಬಗೆಯ ಕೆಲಸ. ಕಟ್ಟಿದ್ದನ್ನು ವರ್ಷ ವರ್ಷ ನಡೆಸುವುದು ಇನ್ನೊಂದು ಬಗೆಯದು. ಎರಡನೆಯದರಲ್ಲಿ ಹಾರ ತುರಾಯಿ ಇಲ್ಲ. ಸಂಘದ ಲೆಕ್ಕ ಬರೆದವರಿಗೆ ಇದು ಗೊತ್ತು.

ಬ್ಯಾರೇಜ್ ಮುಗಿದ ಎರಡೇ ವರ್ಷಕ್ಕೆ ಲೋಕಸಭೆಯ ಚುನಾವಣೆ ಬಂತು. ಬಾಗಲಕೋಟೆ ಕ್ಷೇತ್ರಕ್ಕೆ ಜನತಾ ದಳದಿಂದ ನಿಂತವರು ಸಾಮಾನ್ಯರಲ್ಲ, ರಾಮಕೃಷ್ಣ ಹೆಗಡೆಯವರು: 1983ರಿಂದ 1988ರವರೆಗೆ ಮುಖ್ಯಮಂತ್ರಿಗಳಾಗಿದ್ದವರು, ಪ್ರಧಾನಿಯಾಗಬಲ್ಲವರೆಂದು ದೇಶವೆಲ್ಲ ಹೇಳುತ್ತಿದ್ದವರು, ಮೇಲಾಗಿ ಸಿದ್ದಾಪುರದ ದೊಡ್ಮನೆಯವರು, ನಮ್ಮ ಅಡಿಕೆ ಸೀಮೆಯವರು. ಅವರೆದುರಿಗೆ ಕಾಂಗ್ರೆಸ್ ಪಕ್ಷ ನಿಲ್ಲಿಸಿದ್ದು ಈ ಬ್ಯಾರೇಜ್ ಸಿದ್ದು ಅವರನ್ನು. ಹೆಗಡೆಯವರು ಸೋತರು. ಆ ಸಲ ರಾಜೀವ್ ಗಾಂಧಿಯವರ ಹತ್ಯೆಯ ನಂತರ ಮತದಾನ ನಡೆದದ್ದರಿಂದ ಅನುಕಂಪದ ಅಲೆಯಿತ್ತು, ರಾಜ್ಯದ 28 ಸ್ಥಾನಗಳಲ್ಲಿ 23 ಕಾಂಗ್ರೆಸ್ಸಿಗೇ ಬಂದವು, ಅದನ್ನು ಮರೆಯಬಾರದು. ಆದರೆ ಅಲೆಯೊಂದರಿಂದಲೇ ಹೆಗಡೆಯವರಂಥವರು ಸೋಲುತ್ತಿದ್ದರೆಂದು ನಾವು ನಂಬುವುದಿಲ್ಲ. ಭಾಷಣ ಕೇಳಿ ಮತ ಹಾಕುವ ಜನ ಒಂದು ಕಡೆಯಾದರೆ, ಹೊಲಕ್ಕೆ ಹರಿದ ನೀರು ನೋಡಿ ಮತ ಹಾಕುವ ಜನ ಇನ್ನೊಂದು ಕಡೆ.

ಗೆದ್ದವರು ದೆಹಲಿಗೆ ಹೋದರು. ಪಿ. ವಿ. ನರಸಿಂಹರಾಯರ ಸರ್ಕಾರದಲ್ಲಿ ಕಿರಿಯ ಮಂತ್ರಿಗಳಾದರು. ಯಾವ ಖಾತೆ? ನೀರಾವರಿಯೇ, ಕೃಷಿಯೇ, ಸಹಕಾರವೇ? ಅಲ್ಲ. ಕಲ್ಲಿದ್ದಲು! ಕರ್ನಾಟಕದಲ್ಲಿ ಕಲ್ಲಿದ್ದಲಿನ ಗಣಿ ಒಂದೂ ಇಲ್ಲ. ನದಿಗೆ ಅಡ್ಡ ಕಟ್ಟಿ ತೋರಿಸಿದ ಕೈಗೆ ಕಲ್ಲಿದ್ದಲಿನ ಕಡತ ಕೊಟ್ಟ ಜಾಣತನ ನಮ್ಮ ದೇಶದ ರಾಜಕಾರಣಕ್ಕೇ ಸಲ್ಲುವಂಥದು. ಮಂತ್ರಿ ಪದವಿ ಹಿರಿದೇ ಇರಬಹುದು. ಜಮಖಂಡಿಯ ಮಣ್ಣಿಗೆ ದೊಡ್ಡ ಪದವಿ ಹೊಸದೂ ಅಲ್ಲ, ಮುಖ್ಯಮಂತ್ರಿಗಳಾಗಿ, 1977ರಲ್ಲಿ ಹಂಗಾಮಿ ರಾಷ್ಟ್ರಪತಿಗಳಾಗಿ ದೇಶಕ್ಕೇ ಹೆಸರಾದ ಬಿ. ಡಿ. ಜತ್ತಿಯವರು ಅಲ್ಲಿಯವರೇ. ನಮ್ಮ ಪ್ರಶ್ನೆ ಪದವಿಯದಲ್ಲ. ಕೃಷ್ಣಾ ತೀರದ ರೈತನು ಇಂದಿಗೂ ನ್ಯಾಮಗೌಡರನ್ನು ನೆನೆಯುವುದು ಯಾವುದರಿಂದ? ‘ಕಲ್ಲಿದ್ದಲು ಸಿದ್ದು’ ಎಂದು ಅವರನ್ನು ಯಾರೂ ಕರೆಯಲಿಲ್ಲ.

ಆಮೇಲಿನ ರಾಜಕೀಯವನ್ನು ಎರಡು ಮಾತಿನಲ್ಲಿ ಮುಗಿಸಬಹುದು. ವಿಧಾನಸಭೆಗೆ ಅವರು ಬಂದದ್ದು ಇಪ್ಪತ್ತು ವರ್ಷಗಳ ಮೇಲೆ, 2013ರಲ್ಲಿ, ಜಮಖಂಡಿಯಿಂದ. 2018ರ ಮೇ ತಿಂಗಳಲ್ಲಿ ಮೂರು ಸಾವಿರಕ್ಕೂ ಕಡಿಮೆ ಮತಗಳಿಂದ ಮತ್ತೆ ಗೆದ್ದರು. ಗೆದ್ದು ಹದಿನೈದು ದಿನವೂ ಆಗಿರಲಿಲ್ಲ. ದೆಹಲಿಗೆ ಹೋಗಿದ್ದವರು ಗೋವಾ ಮಾರ್ಗವಾಗಿ ಊರಿಗೆ ಮರಳುವಾಗ ಮೇ 28ರ ಬೆಳಗಿನ ಜಾವ ತುಳಸಿಗೇರಿಯ ಬಳಿ ಕಾರು ಅಪಘಾತಕ್ಕೀಡಾಗಿ ತೀರಿಕೊಂಡರು. ಅದೇ ವರ್ಷದ ಉಪಚುನಾವಣೆಯಲ್ಲಿ ಅವರ ಪುತ್ರ ಆನಂದ ನ್ಯಾಮಗೌಡರು ದೊಡ್ಡ ಅಂತರದಿಂದ ಗೆದ್ದರು, 2023ರಲ್ಲಿ ಸೋತರು.

ಇನ್ನು ಮೂರನೆಯ ಪಾತ್ರ. ಇದನ್ನು ಸಹಕಾರಿಗಳಾದ ನಾವು ಸ್ವಲ್ಪ ನಿಂತು ನೋಡಬೇಕು.

ನೀರು ಬಂದ ಮೇಲೆ ಕಬ್ಬು ಬಂತು. ಕಬ್ಬು ಕಡಿದ ದಿನವೇ ಅರೆಯಬೇಕು, ಇಲ್ಲದಿದ್ದರೆ ತೂಕವೂ ಹೋಗುತ್ತದೆ, ಸಕ್ಕರೆಯೂ ಇಳಿಯುತ್ತದೆ. ಅಡಿಕೆಯಂತೆ ಬೇಯಿಸಿ ಒಣಗಿಸಿ, ಬೆಲೆ ಬರಲೆಂದು ಅಟ್ಟದ ಮೇಲೆ ಇಡಲು ಬರುವುದಿಲ್ಲ. ಹಾಗಾಗಿ ಕಾರ್ಖಾನೆ ಹತ್ತಿರವೇ ಬೇಕು. ನ್ಯಾಮಗೌಡರು ಹಿರೇಪಡಸಲಗಿಯಲ್ಲಿ ಜಮಖಂಡಿ ಶುಗರ್ಸ್ ಸ್ಥಾಪಿಸಿದರು. ಬ್ಯಾರೇಜನ್ನು ಕಟ್ಟಿದ್ದು ಸಂಘ. ಕಾರ್ಖಾನೆಯನ್ನು ಕಟ್ಟಿದ್ದು ಕಂಪೆನಿ. ಹೀಗೇಕಾಯಿತು?

ಸಕ್ಕರೆಗೆ ಪರವಾನಗಿ ಪದ್ಧತಿಯನ್ನು ಕೇಂದ್ರವು 1998ರಲ್ಲಿ ತೆಗೆದು ಹಾಕಿದ ಮೇಲೆ ಆ ಭಾಗದಲ್ಲೆಲ್ಲ ಖಾಸಗಿ ಕಾರ್ಖಾನೆಗಳು ಎದ್ದವು. ಮುಧೋಳದ ಕಡೆ ಇಂಜಿನಿಯರಿಂಗ್ ಓದಿ ಸಕ್ಕರೆ ಉದ್ಯಮಕ್ಕೆ ಬಂದ ಮುರುಗೇಶ ನಿರಾಣಿಯವರು ಬೀಳಗಿಯಿಂದ ಶಾಸಕರಾದರು, ಕೈಗಾರಿಕಾ ಸಚಿವರಾದರು. ಅದೇ ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ, ರನ್ನನ ಹೆಸರಿನ ನಗರದಲ್ಲಿ, ರೈತರೇ ಷೇರು ಹಾಕಿ ಕಟ್ಟಿದ ಸಹಕಾರಿ ಸಕ್ಕರೆ ಕಾರ್ಖಾನೆಯ ಗಾಣ ಕೆಲವು ಹಂಗಾಮು ತಿರುಗದೆ ನಿಂತುಹೋಯಿತು. ಇದೇ ನಾಡಿನಲ್ಲಿ, ಗದಗಿನ ಕಣಗಿನಹಾಳದಲ್ಲಿ 1905ರಲ್ಲೇ ಸಿದ್ಧನಗೌಡ ಪಾಟೀಲರು ಸಹಕಾರ ಸಂಘ ತೆರೆದು ದೇಶಕ್ಕೆ ದಾರಿ ತೋರಿಸಿದ್ದನ್ನು ನೆನೆದರೆ ಮನಸ್ಸಿಗೆ ಹಿತವಾಗುವುದಿಲ್ಲ.

ನ್ಯಾಮಗೌಡರ ಮೇಲೆ ದೂರು ಹೊರಿಸುವುದು ನಮ್ಮ ಉದ್ದೇಶವಲ್ಲ. ಕಾರ್ಖಾನೆಗೆ ಬೇಕಾದ ಬಂಡವಾಳವನ್ನು ನೂರು ಇನ್ನೂರು ರೂಪಾಯಿಯ ಷೇರುಗಳಲ್ಲಿ ಕೂಡಿಸಲು ಹೊರಟರೆ ಎಷ್ಟು ವರ್ಷ ಹಿಡಿಯುತ್ತದೆಂದು ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಕಾರ್ಖಾನೆ ಬಂದದ್ದರಿಂದ ರೈತನ ಕಬ್ಬು ಗದ್ದೆಯಲ್ಲಿ ಒಣಗಲಿಲ್ಲ, ಊರಿನ ಹುಡುಗರಿಗೆ ಕೆಲಸ ಸಿಕ್ಕಿತು. ಅದು ಸಣ್ಣ ಮಾತಲ್ಲ. ಆದರೂ ಒಂದು ವ್ಯತ್ಯಾಸವನ್ನು ಮುಚ್ಚಿಡಬಾರದು. ಬ್ಯಾರೇಜಿನಲ್ಲಿ ಮುಂದಾಳಿನ ಲಾಭವೂ ಹಿಂದಿದ್ದವನ ಲಾಭವೂ ಒಂದೇ ಆಗಿತ್ತು: ನೀರಿನ ಮಟ್ಟ ಏರಿದರೆ ಇಬ್ಬರ ಪಂಪಿಗೂ ನೀರು. ಕಾರ್ಖಾನೆಯಲ್ಲಿ ಹಾಗಲ್ಲ. ಕಬ್ಬಿಗೆ ಟನ್ನಿಗೆ ನೂರು ರೂಪಾಯಿ ಹೆಚ್ಚಾದರೆ ಬೆಳೆದವನಿಗೆ ಲಾಭ, ಕೊಂಡವನಿಗೆ ಖರ್ಚು. ಒಬ್ಬ ಮನುಷ್ಯ ಎಷ್ಟೇ ಸಜ್ಜನನಾದರೂ ತಕ್ಕಡಿಯ ಎರಡೂ ತಟ್ಟೆಯಲ್ಲಿ ಕುಳಿತುಕೊಳ್ಳಲಾರ. ಕೊಳ್ಳುವವನೇ ಶಾಸಕನೂ ಆಗಿರುವ ಕಡೆ, ಬೆಲೆಗಾಗಿ ಕೂಗಬೇಕಾದ ರೈತ ಯಾರ ಬಾಗಿಲಿಗೆ ಹೋಗಬೇಕು? 2025ರ ನವೆಂಬರಿನಲ್ಲಿ ಬೆಳಗಾವಿಯ ಕಡೆಯಿಂದ ಮುಧೋಳದವರೆಗೆ ಕಬ್ಬು ಬೆಳೆಗಾರರು ದರಕ್ಕಾಗಿ ಬೀದಿಗಿಳಿದಾಗ ಈ ಪ್ರಶ್ನೆ ರಸ್ತೆಯ ನಡುವೆಯೇ ನಿಂತಿತ್ತು.

ನಮ್ಮಲ್ಲೂ ಇದು ಹೊಸ ಪ್ರಶ್ನೆಯಲ್ಲ. ಕಾಫಿಯ ಪೂಲ್ ಪದ್ಧತಿ 1996ರ ಹೊತ್ತಿಗೆ ಪೂರ್ತಿಯಾಗಿ ಹೋದ ಮೇಲೆ ಸಣ್ಣ ಬೆಳೆಗಾರ ನೇರವಾಗಿ ವ್ಯಾಪಾರಿಯ ತಕ್ಕಡಿಯ ಮುಂದೆ ಬಂದು ನಿಂತ. ಬೆಲೆ ಏರಿದ ವರ್ಷ ಅದು ಸ್ವಾತಂತ್ರ್ಯದಂತೆ ಕಾಣುತ್ತದೆ, ಇಳಿದ ವರ್ಷ ಒಂಟಿತನದಂತೆ. ಅಡಿಕೆಯವರು ಈ ವಿಷಯದಲ್ಲಿ ಸ್ವಲ್ಪ ಪುಣ್ಯವಂತರು. ಎಪ್ಪತ್ತರ ದಶಕದ ಆರಂಭದಲ್ಲಿ ಬೆಲೆ ಕುಸಿದು ಬೆಳೆಗಾರ ಕಂಗಾಲಾದಾಗ ವಾರಣಾಸಿ ಸುಬ್ರಾಯ ಭಟ್ಟರು ಕರ್ನಾಟಕ, ಕೇರಳ ಎರಡೂ ರಾಜ್ಯಗಳ ಬೆಳೆಗಾರರನ್ನು ಕೂಡಿಸಿ 1973ರಲ್ಲಿ ಕ್ಯಾಂಪ್ಕೊ ಕಟ್ಟಿದರು. ಕೊಳ್ಳುವವನೂ ಬೆಳೆಗಾರನೇ ಆಗುವಂತೆ ಮಾಡಿದ ಕೆಲಸ ಅದು. 1986ರಲ್ಲಿ ಪುತ್ತೂರಿನಲ್ಲಿ ಚಾಕಲೇಟು ಕಾರ್ಖಾನೆ ಬಂದದ್ದೂ ಆ ಸಂಸ್ಥೆಯಿಂದಲೇ. ದೊಡ್ಡ ಕಾರ್ಖಾನೆ ಸಹಕಾರದಲ್ಲಿ ಆಗದ ಕೆಲಸ ಎನ್ನುವವರು ಪುತ್ತೂರಿಗೆ ಒಮ್ಮೆ ಹೋಗಿ ಬರಲಿ.

ನೀರು ಬಂದಲ್ಲೆಲ್ಲ ಒಂದೇ ಬೆಳೆ ಬರುತ್ತದೆ ಎಂಬುದನ್ನೂ ಕೃಷ್ಣಾ ತೀರ ಹೇಳುತ್ತದೆ. ಜೋಳ, ಕಡಲೆ, ಹತ್ತಿ ಇದ್ದ ಎರೆಗೆ ವರ್ಷವಿಡೀ ನೀರು ಹರಿದು ಎಷ್ಟೋ ಹೊಲಗಳು ಸವಳು-ಜವಳಾಗಿವೆ. ಉಪ್ಪು ಮೇಲೆದ್ದ ಆ ನೆಲವನ್ನು ಸರಿಪಡಿಸಲು ಅಲ್ಲಿನ ರೈತರು ಈಗ ಬಸಿಗಾಲುವೆ ತೋಡುತ್ತಿದ್ದಾರೆ. ನಮ್ಮ ಅಡಿಕೆಯೂ ಘಟ್ಟದ ತಪ್ಪಲು ಬಿಟ್ಟು ಬಯಲು ಸೀಮೆಯ ಕೊಳವೆ ಬಾವಿಗಳ ಬೆನ್ನು ಹತ್ತಿ ಎಲ್ಲಿಯವರೆಗೆ ಹೋಗಿದೆಯೆಂದು ದಾವಣಗೆರೆ, ಚಿತ್ರದುರ್ಗದ ಕಡೆ ಬಸ್ಸಿನಲ್ಲಿ ಹೋದವರಿಗೆ ಕಾಣುತ್ತದೆ. ಅದು ಇನ್ನೊಂದು ಲೇಖನದ ವಿಷಯ.

ಈಗ ನಮ್ಮ ಹಳ್ಳಕ್ಕೆ ಬರೋಣ. ಮೇಲಿನ ಕಾಫಿ ತೋಟದವರು ಫೆಬ್ರವರಿ ಕೊನೆಯಲ್ಲಿ ಹೂವಿಗೆ ಸ್ಪ್ರಿಂಕ್ಲರ್ ಹಾಕುತ್ತಾರೆ, ಹದಿನೈದು ಇಪ್ಪತ್ತು ದಿನ ಬಿಟ್ಟು ಮತ್ತೊಂದು ಸಲ. ಅದೇ ವೇಳೆಗೆ ಕೆಳಗಿನ ಅಡಿಕೆ ತೋಟದ ಹಳ್ಳ ಬತ್ತುತ್ತದೆ. ಮೇಲಿನವನದೂ ತಪ್ಪಲ್ಲ, ಹೂವಿನ ದಿನ ಕಾಯುವುದಿಲ್ಲ. ಕೆಳಗಿನವನದೂ ತಪ್ಪಲ್ಲ, ಮಾರ್ಚ್ ತಿಂಗಳಲ್ಲಿ ಬಾಯಾರಿದ ಅಡಿಕೆ ಮರ ಸಿಂಗಾರವನ್ನೇ ಉದುರಿಸುತ್ತದೆ. ಪ್ರತಿ ವರ್ಷ ಪಂಪು ಕಿತ್ತಿಡುವ ತನಕ ಜಗಳ ಹೋಗುತ್ತದೆ, ಇಬ್ಬರೂ ನಮ್ಮ ಸಂಘದ ಸದಸ್ಯರೇ. ಈ ಹಳ್ಳಕ್ಕೆ ಕಿಂಡಿ ಅಣೆಕಟ್ಟುಗಳು ಬೇಕೆಂದು ನಾವು ಕೊಟ್ಟ ಅರ್ಜಿಗಳು ಒಂದು ಕಚೇರಿಯಿಂದ ಇನ್ನೊಂದಕ್ಕೆ ಹೋಗಿ ಬಂದು ಅಂಚು ಹರಿದಿವೆ. ನಿಯೋಗ ಹೋಗಲು ಬಾಡಿಗೆ ಕಾರು, ಊಟ, ಶಾಲು, ಹಾರ ಎಂದು ಇದುವರೆಗೆ ಆದ ಖರ್ಚು ಸಂಘದ ಪುಸ್ತಕದಲ್ಲಿದೆ. ಬಯಸಿದ ಸದಸ್ಯರು ಬಂದು ನೋಡಬಹುದು. ಅಷ್ಟರಲ್ಲಿ ಒಂದು ಸಣ್ಣ ಕಟ್ಟದ ಅಡಿಪಾಯಕ್ಕೆ ಬೇಕಾದ ಸಿಮೆಂಟು ಬರುತ್ತಿತ್ತು.

ಇನ್ನೂ ನೋವಿನ ಸಂಗತಿಯೆಂದರೆ ಈಗಾಗಲೇ ಇರುವ ಕಿಂಡಿ ಅಣೆಕಟ್ಟಿನದು. ಸರ್ಕಾರ ಕಟ್ಟಿಕೊಟ್ಟದ್ದು, ಕಾಂಕ್ರೀಟಿನ ಕಂಬಗಳು ಗಟ್ಟಿಮುಟ್ಟಾಗಿವೆ. ಆದರೆ ಮಳೆ ನಿಂತು ಹಳ್ಳದ ಹರಿವು ಇಳಿಯುತ್ತಲೇ ಕಿಂಡಿಗಳಿಗೆ ಹಲಗೆ ಇಳಿಸಬೇಕು, ಸಂದಿಗೆ ಮಣ್ಣು ತುಂಬಬೇಕು, ಮುಂಗಾರಿಗೆ ಮೊದಲು ತೆಗೆದು ಒಣಗಿಸಿ ಒಳಗಿಡಬೇಕು. ಹಲಗೆಗಳಲ್ಲಿ ಅರ್ಧ ಗೆದ್ದಲು ಹಿಡಿದಿವೆ, ಉಳಿದ ಅರ್ಧ ಯಾರ ಕೊಟ್ಟಿಗೆಯಲ್ಲಿವೆಯೋ. ಹಲಗೆ ಇಳಿಸುವುದು ಯಾರ ಕೆಲಸ? ಪಂಚಾಯಿತಿಯದೆಂದು ನಾವು, ಫಲಾನುಭವಿಗಳದೆಂದು ಪಂಚಾಯಿತಿಯವರು. ನಮ್ಮ ಅಜ್ಜಂದಿರು ಪ್ರತಿ ಸುಗ್ಗಿಗೂ ಕಲ್ಲು, ಮಣ್ಣು, ಸೊಪ್ಪಿನಿಂದ ಕಟ್ಟ ಹಾಕುತ್ತಿದ್ದರು. ಮನೆಗೊಂದು ಆಳೆಂದು ಬರುತ್ತಿದ್ದರು. ಬಾರದವನ ಮನೆಗೆ ಆ ವರ್ಷ ನೀರಿನ ಸರದಿ ಕೊನೆಗೆ. ಅಣೆಕಟ್ಟು ಕಾಂಕ್ರೀಟಿನದಾದ ಮೇಲೆ ಆ ಕಟ್ಟುಪಾಡು ಸಡಿಲವಾಯಿತು. ಚಿಕ್ಕಪಡಸಲಗಿಯ ರೈತರು ಶ್ರೀಮಂತರೆಂದು ಬ್ಯಾರೇಜ್ ಕಟ್ಟಲಿಲ್ಲ. ಅಲ್ಲಿ ವಂತಿಗೆ ಕೊಟ್ಟವನಿಗೆ ತನ್ನ ಪಂಪು ಯಾವ ದಿನ ನಿಲ್ಲುತ್ತದೆಂದು ಗೊತ್ತಿತ್ತು, ಪಕ್ಕದವನದೂ ಅದೇ ದಿನ ನಿಲ್ಲುತ್ತದೆಂದೂ ಗೊತ್ತಿತ್ತು.

ಸರ್ಕಾರ ಏನೂ ಮಾಡಬೇಕಾಗಿಲ್ಲವೆಂದು ನಾವು ಹೇಳಿದೆವೆಂದು ಯಾರೂ ತಿಳಿಯಬಾರದು. ತೆರಿಗೆ ಕಟ್ಟುವವರು ನಾವು. ನದಿ, ಹಳ್ಳಗಳ ಒಡೆತನ ಸರ್ಕಾರದ್ದು. ಅನುಮತಿಯಿಲ್ಲದೆ ಕಲ್ಲಿನ ಮೇಲೆ ಕಲ್ಲಿಡುವಂತಿಲ್ಲ. ರೈತರು ತಾವೇ ಕಟ್ಟಿಕೊಂಡರೆ ‘ಇವರಿಗೆ ನಮ್ಮ ಅಗತ್ಯವಿಲ್ಲ’ ಎಂದು ಕೈತೊಳೆದುಕೊಳ್ಳುವ ಅಪಾಯವೂ ಇದೆ. ಕೃಷ್ಣಾ ತೀರದವರು ಮಾಡಿದ್ದನ್ನು ಹೊಗಳುವ ಭರದಲ್ಲಿ, ಅವರಿಗೆ ಆ ಹೊರೆ ಹೊರಿಸಿದ ವ್ಯವಸ್ಥೆಯನ್ನು ಹೊಗಳುವ ಕಾರಣವಿಲ್ಲ. ಅರ್ಜಿ ಕೊಡುತ್ತಲೇ ಇರೋಣ. ಯಾವ ಪಕ್ಷದಿಂದಾದರೂ ಬೆಳೆಗಾರನೊಬ್ಬ ಗೆದ್ದರೆ ಸಂತೋಷಪಡೋಣ. ಆದರೆ ಅವನು ಗೆಲ್ಲುವ ತನಕ ಹಲಗೆಗಳು ಕೊಟ್ಟಿಗೆಯಲ್ಲೇ ಇರಬೇಕೆಂದು ಯಾವ ಕಾಯಿದೆಯೂ ಹೇಳುವುದಿಲ್ಲ.

ಆಡಳಿತ ಮಂಡಳಿಯ ಮುಂದೆ ನಾವು ಒಂದು ಸಲಹೆ ಇಟ್ಟಿದ್ದೇವೆ. ಹೊಸ ಕಟ್ಟದ ಮಾತು ಸದ್ಯಕ್ಕೆ ಬೇಡ. ಇರುವ ಕಿಂಡಿ ಅಣೆಕಟ್ಟಿಗೆ ಈ ವರ್ಷ ಹೊಸ ಹಲಗೆ ಮಾಡಿಸುವುದು. ಹಳ್ಳದಿಂದ ನೀರೆತ್ತುವ ಪ್ರತಿಯೊಬ್ಬರೂ ಪಂಪಿನ ಅಶ್ವಶಕ್ತಿಗೆ ತಕ್ಕಂತೆ ವಂತಿಗೆ ಕೊಡುವುದು. ಐದು ಅಶ್ವಶಕ್ತಿಯವನೂ ಹದಿನೈದರವನೂ ಸಮನಾಗಿ ಕೊಡುವುದು ನ್ಯಾಯವಲ್ಲ. ಮೇಲಿನ ಕಾಫಿಯವರೂ ಕೆಳಗಿನ ಅಡಿಕೆಯವರೂ ಸೇರಿ ಐದು ಜನರ ಸಮಿತಿ. ಹೂವಿನ ನೀರಿನ ದಿನಗಳನ್ನು ಜನವರಿಯಲ್ಲೇ ಕುಳಿತು ಗೊತ್ತು ಮಾಡುವುದು. ಲೆಕ್ಕವನ್ನು ತಿಂಗಳಿಗೊಮ್ಮೆ ಸಂಘದ ಗೋಡೆಯ ಮೇಲೆ ಹಚ್ಚಲಾಗುವುದು. ಹಲಗೆ ಇಳಿಸುವ ದಿನ ಬರಲಾಗದವರು ಆಳಿನ ಕೂಲಿಯನ್ನು ಮುಂಚಿತವಾಗಿ ಸಂಘದಲ್ಲಿ ಕಟ್ಟತಕ್ಕದ್ದು.

ಪಂಪು ಇರುವ ಸದಸ್ಯರು ತಮ್ಮ ಸರ್ವೆ ನಂಬರು, ಪಂಪಿನ ಅಶ್ವಶಕ್ತಿ, ತೋಟದ ವಿಸ್ತೀರ್ಣ ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಕೊಯ್ಲು ಆರಂಭವಾಗುವ ಮೊದಲು ಸಂಘದ ಕಚೇರಿಗೆ ತಲುಪಿಸಬೇಕಾಗಿ ಕೋರುತ್ತೇವೆ. ಹಳೆಯ ಹಲಗೆಗಳು ಯಾರ ಬಳಿಯಾದರೂ ಇದ್ದರೆ ಅವನ್ನೂ ತರಬಹುದು. ಹೇಗೆ ಬಂದವೆಂದು ಕೇಳುವುದಿಲ್ಲ.

ಕಾರ್ಯದರ್ಶಿ